ಇದ್ದಿಲು ತನ್ನ ವಯಸ್ಸನ್ನಷ್ಟೇ ಹೇಳುತ್ತದೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಶೋಕನ ಬಂಡೆಶಾಸನ ಇರುವ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದರು. ಮಣ್ಣಿನಲ್ಲಿ ಮೂರು ಕಾಲದ ಕುರುಹು ಸಿಕ್ಕಿತು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿ ಬಳಸಿದವರು, ಅವರ ಮೇಲೆ ಬೃಹತ್ ಶಿಲಾ ಸಮಾಧಿ ಕಟ್ಟಿದವರು, ಎಲ್ಲಕ್ಕಿಂತ ಮೇಲೆ ಸಾತವಾಹನರ ಕಾಲದವರು.

ಈಗ ಇವರ ಕಾಲ ಯಾವುದು ಅಂತ ಹೇಳಬೇಕು. ವೀಲರ್ ಕೈಯಲ್ಲಿ ಇದ್ದದ್ದು ಎರಡೇ ಆಧಾರ. ಪುದುಚೇರಿಯ ಅರಿಕಮೇಡುವಿನಲ್ಲಿ ರೋಮಿನ ಸಾಮಾನಿನ ಜೊತೆ ಸಿಕ್ಕಿದ್ದ ಒಂದು ಬಗೆಯ ಮಡಕೆ ಚೂರು ಇಲ್ಲಿ ಮೇಲಿನ ಪದರದಲ್ಲೂ ಸಿಕ್ಕಿತು. ಹತ್ತಿರದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತ್ತು. ಅಂದರೆ ಮೇಲಿನ ಪದರದ ಕಾಲ ಗೊತ್ತು. ಅಲ್ಲಿಂದ ಕೆಳಕ್ಕೆ ಬರೀ ಅಂದಾಜು. ಪದರ ಎಷ್ಟು ದಪ್ಪ ಇದೆ, ಇಷ್ಟು ಮಣ್ಣು ಕೂಡಲು ಎಷ್ಟು ಕಾಲ ಬೇಕು, ಹೀಗೆ ಲೆಕ್ಕ ಹಾಕುತ್ತಾ ಹೋದರು. ಕಲ್ಲುಕೊಡಲಿಯವರು ಶುರುವಾದದ್ದು ಕ್ರಿ.ಪೂ. ಮೊದಲ ಸಾವಿರ ವರ್ಷದ ಆರಂಭದಲ್ಲಿ, ಅಂದರೆ ಹೆಚ್ಚುಕಡಿಮೆ ಕ್ರಿ.ಪೂ. 1000 ಅಂತ ಬರೆದರು.

ಇವತ್ತು ನಮಗೆ ಗೊತ್ತಿರುವ ಪ್ರಕಾರ ದಕ್ಷಿಣದ ನವಶಿಲಾಯುಗ, ಅಂದರೆ ಈ ಕಲ್ಲುಕೊಡಲಿಯವರ ಕಾಲ, ಶುರುವಾಗುವುದು ಕ್ರಿ.ಪೂ. 3000ದ ಆಸುಪಾಸಿನಲ್ಲಿ. ಎರಡು ಸಾವಿರ ವರ್ಷದ ವ್ಯತ್ಯಾಸ! ವೀಲರ್ ದಡ್ಡರಲ್ಲ. ಪದರ ಪದರವಾಗಿ ಅಗೆಯುವುದನ್ನು ನಮ್ಮವರಿಗೆ ಕಲಿಸಿದವರೇ ಅವರು. ಆದರೆ ನಾಣ್ಯವೂ ಅಕ್ಷರವೂ ಇಲ್ಲದ ಕಾಲವನ್ನು ಅಳೆಯಲು ಅವರ ಹತ್ತಿರ ಏನೂ ಇರಲಿಲ್ಲ. ಆ ಸಾಧನ, ಅಂದರೆ ಲ್ಯಾಬಿನಲ್ಲಿ ನಾವು ಈಗ ಮಾಡುವ ಕಾರ್ಬನ್ ಡೇಟಿಂಗ್, ಬಂದದ್ದು ಎರಡು ವರ್ಷ ಆದಮೇಲೆ.

1949ರಲ್ಲಿ ಷಿಕಾಗೋದ ವಿಲ್ಲರ್ಡ್ ಲಿಬ್ಬಿ ಮತ್ತು ಜೇಮ್ಸ್ ಆರ್ನಲ್ಡ್ ಒಂದು ಲೇಖನ ಬರೆದರು. ವಯಸ್ಸು ಮೊದಲೇ ಗೊತ್ತಿರುವ ವಸ್ತುಗಳನ್ನು ತೆಗೆದುಕೊಂಡು ತಮ್ಮ ವಿಧಾನವನ್ನು ಪರೀಕ್ಷೆ ಮಾಡಿದ್ದರು. ಈಜಿಪ್ಟಿನ ದೊರೆ ಜೋಸರ್ ಸಮಾಧಿಯ ಮರದ ತುಂಡೂ ಅದರಲ್ಲಿತ್ತು. ಲೆಕ್ಕ ಸರಿಹೋಯಿತು. 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ವಿಧಾನದ ತಿರುಳು ಕಷ್ಟದ್ದಲ್ಲ. ಆಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದು ನ್ಯೂಟ್ರಾನ್‌ಗಳನ್ನು ಎಬ್ಬಿಸುತ್ತವೆ. ಅವು ಸಾರಜನಕಕ್ಕೆ ತಾಗಿದಾಗ ಕಾರ್ಬನ್-14 ಹುಟ್ಟುತ್ತದೆ, ಅಂದರೆ ತಾನಾಗಿ ಕರಗುತ್ತಾ ಹೋಗುವ ಒಂದು ಬಗೆಯ ಇಂಗಾಲ. ಅದು ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಯಲ್ಲಿ ಬೆರೆಯುತ್ತದೆ. ಗಿಡ ಅದನ್ನು ಎಳೆದುಕೊಳ್ಳುತ್ತದೆ, ಗಿಡವನ್ನು ದನ ತಿನ್ನುತ್ತದೆ, ನಾವು ಹಾಲು ಕುಡಿಯುತ್ತೇವೆ. ಹೀಗಾಗಿ ಬದುಕಿರುವ ಎಲ್ಲದರಲ್ಲೂ ಅದು ಇದೆ. ಸತ್ತ ಕೂಡಲೇ ಹೊಸದಾಗಿ ಒಳಗೆ ಬರುವುದು ನಿಲ್ಲುತ್ತದೆ. ಇದ್ದದ್ದು ಮಾತ್ರ ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ, ಇನ್ನೊಂದು 5730 ವರ್ಷಕ್ಕೆ ಕಾಲು ಭಾಗ. 50,000 ವರ್ಷ ಆಗುವಷ್ಟರಲ್ಲಿ ನಾನೂರರಲ್ಲಿ ಒಂದು ಪಾಲು ಕೂಡ ಉಳಿದಿರುವುದಿಲ್ಲ. ಅಲ್ಲಿಗೆ ನಮ್ಮ ಆಟ ಮುಗಿಯಿತು. ಡೈನೋಸಾರ್ ಮೂಳೆ ತಂದು ಕೊಡಬೇಡಿ.

ಕಷ್ಟ ಇರುವುದು ಅಳೆಯುವುದರಲ್ಲಿ. ಈಗಷ್ಟೇ ಕಡಿದ ಮರದಲ್ಲೂ ಕಾರ್ಬನ್-14 ಇರುವುದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಒಂದರ ಲೆಕ್ಕದಲ್ಲಿ. ಸಾವಿರಕ್ಕೂ ಜಾಸ್ತಿ ಲಾರಿ ಅಕ್ಕಿ ತುಂಬಿ ನಿಲ್ಲಿಸಿ, ಅಷ್ಟರಲ್ಲಿ ಇರುವ ಒಂದೇ ಒಂದು ಬೇರೆ ಕಾಳನ್ನು ಹುಡುಕಿದ ಹಾಗೆ. ಲಿಬ್ಬಿ ಕಾಲದಲ್ಲಿ ಆ ಕಾಳನ್ನು ನೇರವಾಗಿ ಹುಡುಕುತ್ತಿರಲಿಲ್ಲ. ಅದು ಸಿಡಿದು ಮತ್ತೆ ಸಾರಜನಕ ಆಗುವಾಗ ಹೊರಬರುವ ಕಣವನ್ನು ಎಣಿಸುತ್ತಿದ್ದರು. ಒಂದು ಗ್ರಾಂ ಹೊಸ ಇಂಗಾಲದಲ್ಲಿ ಸುಮಾರು 6,000 ಕೋಟಿ ಕಾರ್ಬನ್-14 ಪರಮಾಣು ಇರುತ್ತವೆ, ಆದರೆ ನಿಮಿಷಕ್ಕೆ ಸಿಡಿಯುವುದು ಹದಿನಾಲ್ಕು ಮಾತ್ರ. ಅದಕ್ಕೇ ಆಗ ಗ್ರಾಂಗಟ್ಟಲೆ ಇಂಗಾಲ ಬೇಕಾಗುತ್ತಿತ್ತು, ದಿನಗಟ್ಟಲೆ ಎಣಿಸಬೇಕಾಗುತ್ತಿತ್ತು.

ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, 1960ರ ದಶಕದಲ್ಲಿ. ದೇವೇಂದ್ರ ಲಾಲ್, ಶೀಲಾ ಕುಸುಮ್‌ಗರ್, ಡಿ.ಪಿ. ಅಗರವಾಲ್ ಇವರೆಲ್ಲ ಅದರಲ್ಲಿ ದುಡಿದವರು. ಹಳೆಯ ಉತ್ಖನನ ವರದಿಗಳಲ್ಲಿ ‘ಟಿಎಫ್’ ಅಂತ ಶುರುವಾಗುವ ಸಂಖ್ಯೆ ಕಂಡರೆ ಅದು ಆ ಲ್ಯಾಬಿನದು. ಆಮೇಲೆ ಅದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯಕ್ಕೆ ಹೋಯಿತು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲೂ ಒಂದು ಲ್ಯಾಬ್ ಬಂತು.

1977ರಲ್ಲಿ ಎಣಿಕೆಯ ದಾರಿಯೇ ಬದಲಾಯಿತು. ಸಿಡಿಯುವವರೆಗೆ ಕಾಯುವುದು ಯಾಕೆ, ಇರುವ ಪರಮಾಣುಗಳನ್ನೇ ಎಣಿಸೋಣ ಅಂತ ವೇಗವರ್ಧಕ ಯಂತ್ರಕ್ಕೆ ಇಂಗಾಲ ಹಾಕಿದರು. ಇದಕ್ಕೆ ಎಎಂಎಸ್ (ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ) ಅನ್ನುತ್ತೇವೆ. ಇದರಲ್ಲಿ ಒಂದು ಮಜಾ ಇದೆ. ಸಾರಜನಕ-14 ಮತ್ತು ಕಾರ್ಬನ್-14 ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಗಾಳಿ ತುಂಬಾ ಸಾರಜನಕ. ಅದರ ಮಧ್ಯೆ ಕಾರ್ಬನ್ ಹುಡುಕುವುದು ಹೇಗೆ? ಪುಣ್ಯಕ್ಕೆ ಸಾರಜನಕ ಋಣ ಅಯಾನಾಗಿ, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹೊತ್ತ ಪರಮಾಣುವಾಗಿ, ಉಳಿಯುವುದೇ ಇಲ್ಲ. ಯಂತ್ರದ ಬಾಯಲ್ಲೇ ಋಣ ಅಯಾನುಗಳನ್ನು ಮಾತ್ರ ಒಳಗೆ ಬಿಟ್ಟರೆ ಸಾರಜನಕ ಹೊರಗೇ ಉಳಿಯಿತು. ಪ್ರಕೃತಿ ಸುಮ್ನೆ ಕೊಟ್ಟ ಈ ಉಪಕಾರ ಇಲ್ಲದಿದ್ದರೆ ಎಎಂಎಸ್ ಇಷ್ಟು ಸುಲಭ ಆಗುತ್ತಿರಲಿಲ್ಲ. ಈಗ ಒಂದು ಮಿಲಿಗ್ರಾಂ ಇಂಗಾಲ ಸಾಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ, ಅಹಮದಾಬಾದಿನಲ್ಲಿ ಈ ಯಂತ್ರಗಳಿವೆ.

ಯಂತ್ರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಲ್ಯಾಬಿನಲ್ಲಿ ನಮ್ಮ ಸಮಯ ಹೋಗುವುದು ಅದಕ್ಕೂ ಮೊದಲಿನ ತೊಳೆಯುವ ಕೆಲಸದಲ್ಲಿ. ಒಂದು ತುಂಡು ಇದ್ದಿಲು ಬಂತು ಅಂದುಕೊಳ್ಳಿ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಚಿಮುಟದಲ್ಲಿ ಬೇರಿನ ಎಳೆ ಹೆಕ್ಕಬೇಕು. ಇದ್ದಿಲು ನಾಲ್ಕು ಸಾವಿರ ವರ್ಷದ್ದು, ಆದರೆ ಅದರ ಬಿರುಕಿನೊಳಗೆ ನುಗ್ಗಿದ ಹುಲ್ಲಿನ ಬೇರು ಹೋದ ಮಳೆಗಾಲದ್ದು. ಎಲ್ಲ ಹೆಕ್ಕಿದ ಮೇಲೆ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕುತ್ತೇವೆ. ಸುಣ್ಣದ ಅಂಶ ಇದ್ದರೆ ಬುಳುಬುಳು ಅಂತ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ತೊಳೆದು ಕಾಸ್ಟಿಕ್ ಸೋಡಾ ದ್ರಾವಣ ಹಾಕುತ್ತೇವೆ. ಆಗ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಇದ್ದಿಲಿನ ಬಣ್ಣ ಅಲ್ಲ, ಮೇಲಿನ ಮಣ್ಣಿನಿಂದ ಮಳೆನೀರಿನ ಜೊತೆ ಇಳಿದು ಬಂದ ಹ್ಯೂಮಿಕ್ ಆಮ್ಲ. ಆ ನೀರನ್ನು ಚೆಲ್ಲಿ ಮತ್ತೆ ಹಾಕಬೇಕು, ಮತ್ತೆ ಚೆಲ್ಲಬೇಕು, ನೀರು ತಿಳಿಯಾಗಿ ನಿಲ್ಲುವವರೆಗೆ. ಕೊನೆಗೆ ಇನ್ನೊಂದು ಸಲ ಆಮ್ಲ. ಯಾಕೆಂದರೆ ಕಾಸ್ಟಿಕ್ ಸೋಡಾ ನಮ್ಮ ಕಣ್ಣೆದುರೇ ಗಾಳಿಯಿಂದ ಇವತ್ತಿನ ಇಂಗಾಲವನ್ನು ಹೀರಿಕೊಂಡಿರುತ್ತದೆ. ಕೆಲವು ಸ್ಯಾಂಪಲ್ ಸೋಡಾದಲ್ಲಿ ಪೂರ್ತಿ ಕರಗಿಯೇ ಹೋಗುತ್ತವೆ. ಉತ್ಖನನದವರಿಗೆ ಫೋನ್ ಮಾಡಿ ಅದನ್ನು ಹೇಳುವುದು ಖುಷಿಯ ಕೆಲಸ ಅಲ್ಲ.

ಉಳಿದದ್ದನ್ನು ಒಣಗಿಸಿ, ತಾಮ್ರದ ಆಕ್ಸೈಡ್ ಜೊತೆ ಕ್ವಾರ್ಟ್ಸ್ ಕೊಳವೆಯಲ್ಲಿ ಮುಚ್ಚಿ 900 ಡಿಗ್ರಿಯಲ್ಲಿ ಸುಡುತ್ತೇವೆ. ಬಂದ ಅನಿಲವನ್ನು ಜಲಜನಕದ ಜೊತೆ ಕಬ್ಬಿಣದ ಪುಡಿಯ ಮೇಲೆ ಕಾಯಿಸಿದರೆ ಕಪ್ಪು ಗ್ರಾಫೈಟ್ ಸಿಗುತ್ತದೆ. ಅದನ್ನು ಅಲ್ಯೂಮಿನಿಯಂ ಹಿಡಿಕೆಯ ಸಣ್ಣ ತೂತಿಗೆ ಒತ್ತಿ ತುಂಬುತ್ತೇವೆ. ನಾಲ್ಕು ಸಾವಿರ ವರ್ಷದ ಹಿಂದಿನ ಬೆಂಕಿ ಈಗ ಸಾಸಿವೆ ಕಾಳಿಗಿಂತ ಚಿಕ್ಕದು.

ಈ ತೊಳೆಯುವ ಕೆಲಸಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ? ಒಂದು ಲೆಕ್ಕ ನೋಡಿ. 4,000 ವರ್ಷದ ಸ್ಯಾಂಪಲ್‌ನಲ್ಲಿ ನೂರಕ್ಕೆ ಒಂದು ಪಾಲು ಇವತ್ತಿನ ಇಂಗಾಲ ಸೇರಿದರೆ ಸುಮಾರು 50 ವರ್ಷ ತಪ್ಪಾಗುತ್ತದೆ. ಹೋಗಲಿ ಬಿಡಿ ಅನ್ನಬಹುದು. ಅದೇ ಒಂದು ಪಾಲು 40,000 ವರ್ಷದ ಸ್ಯಾಂಪಲ್‌ಗೆ ಸೇರಿದರೆ ಉತ್ತರ 33,000 ಅಂತ ಬರುತ್ತದೆ. ಏಳು ಸಾವಿರ ವರ್ಷ ನಾಪತ್ತೆ! ಭೂವಿಜ್ಞಾನಿಗಳ ಸ್ಯಾಂಪಲ್ ಬಂದಾಗ ನಾವು ಇನ್ನಷ್ಟು ಹುಷಾರಾಗಿ ಇರುವುದು ಇದಕ್ಕೇ. ಪ್ರತಿ ಸಲವೂ ಕಾರ್ಬನ್-14 ಪೂರ್ತಿ ಮುಗಿದಿರುವ ಕಲ್ಲಿದ್ದಲಿನ ಚೂರನ್ನೂ ಜೊತೆಗೆ ಇದೇ ದಾರಿಯಲ್ಲಿ ಕಳಿಸುತ್ತೇವೆ. ಅದರಲ್ಲಿ ಕಾರ್ಬನ್-14 ಕಂಡರೆ ಅದು ನಮ್ಮ ಲ್ಯಾಬಿನ ಕೊಳೆ.

ಇನ್ನು ಯಂತ್ರ ಕೊಡುವ ಸಂಖ್ಯೆಯ ವಿಷಯ. ವರದಿಯಲ್ಲಿ ‘4120 ± 150 ಬಿಪಿ’ ಅಂತ ಇರುತ್ತದೆ. ಬಿಪಿ (ಬಿಫೋರ್ ಪ್ರೆಸೆಂಟ್) ಅಂದರೆ ಇವತ್ತಿನಿಂದ ಹಿಂದಕ್ಕೆ ಅಲ್ಲ, 1950ರಿಂದ ಹಿಂದಕ್ಕೆ. ಆಮೇಲೆ ಅಣುಬಾಂಬ್ ಪರೀಕ್ಷೆಗಳು ಗಾಳಿಯನ್ನೇ ಕೆಡಿಸಿಬಿಟ್ಟವು. 1963ರ ಹೊತ್ತಿಗೆ ನಮ್ಮ ಉತ್ತರಾರ್ಧದ ಗಾಳಿಯಲ್ಲಿ ಕಾರ್ಬನ್-14 ಹತ್ತಿರಹತ್ತಿರ ಎರಡು ಪಟ್ಟಾಗಿತ್ತು. ಕೆಟ್ಟದ್ದರಲ್ಲೂ ಒಂದು ಲಾಭ ಆಯಿತು ಅನ್ನಿ. ಒಂದು ಆನೆ ದಂತ ಬೆಳೆದದ್ದು 1950ಕ್ಕೆ ಮುಂಚೆಯೋ ಆಮೇಲೋ ಅಂತ ಈಗ ಹೇಳಬಹುದು. ‘ಅಜ್ಜನ ಕಾಲದ್ದು ಸ್ವಾಮಿ’ ಅನ್ನುವ ಮಾತನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಬಹುದು.

ಆ ‘±’ ಗುರುತನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ನಿಜವಾದ ಸಂಖ್ಯೆ ಆ ಮಿತಿಯೊಳಗೆ ಇರುವ ಸಾಧ್ಯತೆ ನೂರಕ್ಕೆ 68 ಅಷ್ಟೇ. ಮೂರರಲ್ಲಿ ಒಂದು ಸಲ ಅದು ಹೊರಗೇ ಇರುತ್ತದೆ.

ಇನ್ನೊಂದು ತೊಡಕು ಇದೆ. ಗಾಳಿಯಲ್ಲಿ ಕಾರ್ಬನ್-14 ಯಾವಾಗಲೂ ಒಂದೇ ಸಮ ಇತ್ತು ಅಂತ ಲಿಬ್ಬಿ ನಂಬಿದ್ದರು. ಅದು ಹಾಗಿಲ್ಲ. ಸೂರ್ಯನ ಚಟುವಟಿಕೆ, ಭೂಮಿಯ ಕಾಂತಶಕ್ತಿ ಬದಲಾದ ಹಾಗೆ ಅದೂ ಏರಿಳಿಯುತ್ತದೆ. ಹಾಗಾಗಿ ಮರದ ವರ್ಷಬಳೆಗಳನ್ನು ಒಂದೊಂದಾಗಿ ಎಣಿಸಿ, ಅವುಗಳ ರೇಡಿಯೋಕಾರ್ಬನ್ ಅಳೆದು, ಒಂದು ತಿದ್ದುವ ರೇಖೆ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್, ಯುರೋಪಿನ ಓಕ್ ಮರಗಳಿಂದ ಬಂದ ರೇಖೆ ಅದು. ಈಗ ಬಳಕೆಯಲ್ಲಿರುವುದು 2020ರ ಆವೃತ್ತಿ. ನಮ್ಮದು ಮುಂಗಾರಿನ ನಾಡು. ಮಳೆಗಾಲದ ಗಾಳಿ ಸಮಭಾಜಕ ದಾಟಿ ದಕ್ಷಿಣಾರ್ಧದಿಂದ ಬರುತ್ತದೆ. ಯುರೋಪಿನ ರೇಖೆ ನಮಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೊಂದುತ್ತದೆಯೇ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಕೆಲವರು ಎರಡೂ ಗೋಳಾರ್ಧದ ರೇಖೆಗಳನ್ನು ಬೆರೆಸಿ ಲೆಕ್ಕ ಮಾಡುತ್ತಾರೆ.

ಈ ರೇಖೆ ಕೆಲವು ಕಡೆ ಚಪ್ಪಟೆಯಾಗಿದೆ. ಕ್ರಿ.ಪೂ. 800ರಿಂದ 400ರ ನಡುವೆ ಅದು ಬಹಳ ತೊಂದರೆ ಕೊಡುತ್ತದೆ. ಯಂತ್ರ 2450 ಅಂತ ಹೇಳಿದರೆ ಉತ್ತರ ಕ್ರಿ.ಪೂ. 750ರಿಂದ 400ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಎಷ್ಟು ಒಳ್ಳೆಯ ಯಂತ್ರ ತಂದರೂ ಅಷ್ಟೇ. ದುರದೃಷ್ಟಕ್ಕೆ ದಕ್ಷಿಣ ಭಾರತದಲ್ಲಿ ಊರುಗಳು ಯಾವಾಗ ಬೆಳೆದವು, ಬರಹ ಯಾವಾಗ ಬಂತು ಅನ್ನುವ ಜಗಳವೆಲ್ಲ ಇರುವುದು ಇದೇ ನಾನೂರು ವರ್ಷದಲ್ಲಿ. ತಮಿಳುನಾಡಿನ ಕೀಳಡಿ ಉತ್ಖನನದ ಒಂದು ಸ್ಯಾಂಪಲ್‌ಗೆ ಕ್ರಿ.ಪೂ. 580 ಅಂತ ಬಂದದ್ದನ್ನು ನೀವು 2019ರಲ್ಲಿ ಪತ್ರಿಕೆಯಲ್ಲಿ ಓದಿರುತ್ತೀರಿ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥ ಕಾಲಕ್ಕೆ ಒಂದೇ ಒಂದು ಇಸವಿ ಹೇಳುವುದು ತಲೆಬರಹಕ್ಕೆ ಸರಿ, ಚರಿತ್ರೆಗೆ ಸಾಲದು.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಲ್ಯಾಬ್ ನಿಮ್ಮ ನಿವೇಶನದ ವಯಸ್ಸನ್ನು ಹೇಳುವುದಿಲ್ಲ. ನೀವು ಕೊಟ್ಟ ಚೂರು ಯಾವಾಗ ಸತ್ತಿತು ಅಂತ ಮಾತ್ರ ಹೇಳುತ್ತದೆ. ಆ ಚೂರಿಗೂ ನಿಮ್ಮ ಪ್ರಶ್ನೆಗೂ ಏನು ಸಂಬಂಧ ಅನ್ನುವುದು ಅಗೆದವರ ಜವಾಬ್ದಾರಿ.

ಹಾವೇರಿ ಜಿಲ್ಲೆಯ ಹಳ್ಳೂರನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ದಡದ ಊರು. 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಅಲ್ಲಿ ಉತ್ಖನನ ಮಾಡಿದರು. ನವಶಿಲಾಯುಗ ಮುಗಿದು ಕಬ್ಬಿಣ ಶುರುವಾಗುವ ಪದರದಲ್ಲಿ ಸಿಕ್ಕ ಇದ್ದಿಲು ಕ್ರಿ.ಪೂ. 1000ದ ಆಸುಪಾಸಿನದು ಅಂತ ಟಾಟಾ ಲ್ಯಾಬ್ ಹೇಳಿತು. ದಕ್ಷಿಣದಲ್ಲಿ ಕಬ್ಬಿಣ ಅಷ್ಟು ಹಳೆಯದೇ ಅಂತ ಆಗ ದೊಡ್ಡ ಸುದ್ದಿ. ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಇದ್ದಿಲು ಯಾವ ಮರದ್ದು, ಮರದ ಯಾವ ಭಾಗದ್ದು? ಮರದಲ್ಲಿ ಪ್ರತಿ ವರ್ಷ ಹೊರಗಿನ ಬಳೆ ಮಾತ್ರ ಹೊಸದು. ಒಳಗಿನ ಚೇಗು ಯಾವತ್ತೋ ಗಾಳಿಯ ಸಂಪರ್ಕ ಬಿಟ್ಟಿರುತ್ತದೆ. ಇನ್ನೂರು ವರ್ಷದ ತೇಗವನ್ನು ಇವತ್ತು ಕಡಿದು ಅದರ ಚೇಗನ್ನು ಸುಟ್ಟರೆ ಇದ್ದಿಲು ಇನ್ನೂರು ವರ್ಷ ಹಳೆಯದು ಅಂತಲೇ ಹೇಳುತ್ತದೆ. ಅದೇ ಮರ ನೂರು ವರ್ಷ ತೊಲೆಯಾಗಿದ್ದು ಆಮೇಲೆ ಒಲೆಗೆ ಹೋದರೆ? ಲ್ಯಾಬಿನ ಲೆಕ್ಕ ಸರಿ, ನಮ್ಮ ತೀರ್ಮಾನ ತಪ್ಪು.

ಇದಕ್ಕೆ ಈಗ ಇರುವ ಮದ್ದು ಕಾಳು. ದಕ್ಷಿಣದ ನವಶಿಲಾಯುಗದವರು ಹುರುಳಿ, ಹೆಸರು, ಕೊರಲೆ ತಿಂದವರು. ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟ ಕಾಳು ಮೇಲೆ ತೇಲುತ್ತದೆ. ಹುರುಳಿ ಗಿಡದ ಆಯಸ್ಸು ಕೆಲವೇ ತಿಂಗಳು. ಬೆಳೆದ ವರ್ಷವೋ ಮರುವರ್ಷವೋ ಅಡುಗೆಮನೆಯಲ್ಲಿ ಸುಟ್ಟುಹೋಗಿರುತ್ತದೆ. ಹಳೆಯ ವಿಧಾನದಲ್ಲಿ ಬೊಗಸೆಗಟ್ಟಲೆ ಕಾಳು ಬೇಕಿತ್ತು. ಎಎಂಎಸ್‌ಗೆ ಒಂದೇ ಒಂದು ಸುಟ್ಟ ಹುರುಳಿ ಕಾಳು ಸಾಕು. ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮತ್ತಿತರರು ಇಂಥ ಕಾಳುಗಳ ಕಾಲ ಕಟ್ಟಿಸಿದ ಮೇಲೆ ಆ ಕಾಲದ ಚರಿತ್ರೆಯನ್ನು ಇನ್ನೂ ಬಿಗಿಯಾಗಿ ಮಾತಾಡುವ ಹಾಗಾಯಿತು.

ಇದೇ ನವಶಿಲಾಯುಗದವರು ಬಿಟ್ಟುಹೋದ ಬೂದಿ ದಿಬ್ಬಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಂಪಿ ಹತ್ತಿರ ನಿಂಬಾಪುರದಲ್ಲಿ ಒಂದು ದಿಬ್ಬ ಇದೆ, ವಾಲಿಯನ್ನು ಸುಟ್ಟ ಜಾಗ ಅಂತ ಜನ ತೋರಿಸುತ್ತಾರೆ. ಬಳ್ಳಾರಿ, ರಾಯಚೂರು ಕಡೆ ಇಂಥವು ಎಷ್ಟೋ ಇವೆ. ಇದು ದನದ ಸಗಣಿ ಸುಟ್ಟ ಬೂದಿ ಅಂತ 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರು. ಕೃಷ್ಣೆಯ ಆಚೆ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿನ ಸ್ಯಾಂಪಲ್‌ಗೆ ಬ್ರಿಟಿಷ್ ಮ್ಯೂಸಿಯಂ ಲ್ಯಾಬ್ ಕೊಟ್ಟ ಉತ್ತರವೇ ನಾನು ಆಗ ಹೇಳಿದ 4120 ± 150. ವೀಲರ್ ಅಂದಾಜು ಅಲ್ಲಿಗೆ ಬಿದ್ದುಹೋಯಿತು. ನನಗೆ ಸಗಣಿ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅರ್ಧ ಸುಟ್ಟು ಕರಿಯಾದ ಸಗಣಿಯಲ್ಲಿ ಇರುವುದು ಆ ವರ್ಷ ದನ ಮೇಯ್ದ ಹುಲ್ಲಿನ ಇಂಗಾಲ. ಚೇಗಿನ ತಾಪತ್ರಯ ಇಲ್ಲ. ಮೂಳೆ ಸಿಗುತ್ತದಲ್ಲ ಅಂತ ಕೇಳಬಹುದು. ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ಮೂಳೆಯೊಳಗಿನ ಕೊಲಾಜನ್, ಅಂದರೆ ನಾವು ಅಳೆಯಬೇಕಾದ ಪ್ರೋಟೀನ್, ಉಳಿಯುವುದೇ ಅಪರೂಪ.

ಕಪ್ಪೆಚಿಪ್ಪು, ಶಂಖ ತರುವವರಿಗೂ ಒಂದು ಮಾತು. ಸಮುದ್ರದ ಆಳದ ನೀರಿನಲ್ಲಿ ಹಳೆಯ ಇಂಗಾಲ ಇರುತ್ತದೆ, ಅದು ಮೇಲೆ ಬಂದು ಬೆರೆಯುತ್ತದೆ. ನಿನ್ನೆ ಸತ್ತ ಚಿಪ್ಪೂ ನಾನೂರು ವರ್ಷದಷ್ಟು ಹಳೆಯದಾಗಿ ಕಾಣುತ್ತದೆ. ನಮ್ಮ ಕರಾವಳಿಯ ಅಘನಾಶಿನಿಯಂಥ ಅಳಿವೆಯಲ್ಲಿ ಹೊಳೆನೀರೂ ಉಪ್ಪುನೀರೂ ಬೆರೆಯುವುದರಿಂದ ಎಷ್ಟು ಕಳೆಯಬೇಕು ಅನ್ನುವುದೇ ಪ್ರಶ್ನೆ. ಬಾಗಲಕೋಟೆ ಕಡೆ ಕಲಾದಗಿ ಸುಣ್ಣಕಲ್ಲಿನ ಹಳ್ಳದ ಬಸವನಹುಳು ಇನ್ನೂ ಕಷ್ಟ, ಕಲ್ಲಿನ ಸತ್ತ ಇಂಗಾಲವನ್ನೇ ತನ್ನ ಚಿಪ್ಪಿಗೆ ಸೇರಿಸಿಕೊಂಡಿರುತ್ತದೆ. ಭೂವಿಜ್ಞಾನದ ಸ್ಯಾಂಪಲ್‌ಗಳಲ್ಲಿ ನನಗೆ ಅಚ್ಚುಮೆಚ್ಚಿನದು ನೀಲಗಿರಿಯ ಜವುಗಿನ ಪೀಟ್, ಅಂದರೆ ಕೊಳೆತು ಕೂಡಿಕೊಂಡ ಸಸ್ಯದ ಮಣ್ಣು. ನಮ್ಮ ಐಐಎಸ್‌ಸಿಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅದರ ಪದರಗಳ ಕಾಲ ಕಟ್ಟಿ, ಕಳೆದ 20,000 ವರ್ಷದಲ್ಲಿ ಅಲ್ಲಿ ಹುಲ್ಲು ಯಾವಾಗ ಹೆಚ್ಚಿತು, ತೇವ ಯಾವಾಗ ಬಂತು ಅಂತ ತೋರಿಸಿದರು.

ಸ್ಯಾಂಪಲ್ ಕಳಿಸುವಾಗ ಹತ್ತಿಯಲ್ಲಿ ಸುತ್ತಬೇಡಿ, ಕಾಗದದಲ್ಲಿ ಕಟ್ಟಬೇಡಿ. ಎರಡೂ ಇಂಗಾಲವೇ. ಅಲ್ಯೂಮಿನಿಯಂ ಹಾಳೆ ಸಾಕು. ಚೂರಾಗದಿರಲಿ ಅಂತ ಅಂಟು ಹಚ್ಚಬೇಡಿ. ಪೆಟ್ರೋಲಿಯಂನಿಂದ ಮಾಡಿದ ಅಂಟು ನೂರಕ್ಕೆ ಒಂದು ಪಾಲು ಉಳಿದರೂ ಉತ್ತರ 80 ವರ್ಷ ಹಿಂದಕ್ಕೆ ಹೋಗುತ್ತದೆ. ಚೀಟಿಯಲ್ಲಿ ಪದರದ ಸಂಖ್ಯೆ ಬರೆಯಿರಿ. ಒಲೆಯೊಳಗೆ ಸಿಕ್ಕಿತೋ, ಇಲಿ ಬಿಲದ ಪಕ್ಕವೋ, ಅದನ್ನೂ ಬರೆಯಿರಿ.

ಯಾರೋ ಚೀಟಿ ಕಳಿಸಿದ್ದಾರೆ: ಹಲ್ಮಿಡಿ ಶಾಸನಕ್ಕೆ ಕಾರ್ಬನ್ ಡೇಟಿಂಗ್ ಮಾಡಿಸಬಹುದಲ್ವಾ ಅಂತ. ಆಗುವುದಿಲ್ಲ. ಕಲ್ಲು ಯಾವತ್ತೂ ಬದುಕಿರಲಿಲ್ಲ, ಉಳಿ ತಾಗಿದ ದಿನ ಅದರಲ್ಲಿ ದಾಖಲಾಗುವುದಿಲ್ಲ. ಇದ್ದಿಲಿನಿಂದ ಕರಗಿಸಿದ ಉಕ್ಕಿನಲ್ಲಾದರೆ ಆ ಇದ್ದಿಲಿನ ಇಂಗಾಲ ಸೇರಿರುತ್ತದೆ, ಅದನ್ನು ತೆಗೆದು ಅಳೆಯಬಹುದು.

ಮನೆಯಲ್ಲಿರುವ ತಾಳೆಗರಿ ಕಟ್ಟಿನ ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ. ಗರಿ ಬದುಕಿದ್ದ ವಸ್ತು, ಮಾಡಬಹುದು. ಹುಳ ಹಿಡಿಯದಿರಲಿ ಅಂತ ಕಾಲಕಾಲಕ್ಕೆ ಹಚ್ಚಿದ ಎಣ್ಣೆಯನ್ನು ಮೊದಲು ತೆಗೆಯಬೇಕು, ಅದೂ ಇಂಗಾಲ. ಆಮೇಲೆ ಸಿಗುವುದು ಗರಿ ಕೊಯ್ದ ಕಾಲ, ಕಾವ್ಯ ಹುಟ್ಟಿದ ಕಾಲ ಅಲ್ಲ. ಇನ್ನೂ ಒಂದು ತೊಂದರೆ ಇದೆ. 1650ರಿಂದ 1950ರವರೆಗೆ ನಮ್ಮ ತಿದ್ದುವ ರೇಖೆ ಏರುತ್ತಾ ಇಳಿಯುತ್ತಾ ಸುತ್ತುತ್ತದೆ. ಆ ಮುನ್ನೂರು ವರ್ಷದಲ್ಲಿ ಯಾವ ಭಾಗ ಅಂತ ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಮೊದಲು ಕೊನೆಯ ಗರಿ ತೆಗೆದು ನೋಡಿ. ಲಿಪಿಕಾರ ಶಕವರ್ಷ, ಸಂವತ್ಸರ, ತಿಥಿ ಬರೆದಿದ್ದರೆ ನಮ್ಮ ಯಾವ ಯಂತ್ರವೂ ಅಷ್ಟು ನಿಖರವಾಗಿ ಹೇಳಲಾರದು. ಆ ಗರಿ ಕಳೆದುಹೋಗಿದ್ದರೆ ಲ್ಯಾಬಿಗೆ ಬನ್ನಿ.